ಕ್ರುಮ್ಲೋವ್ ಆದಮೇಲೆ ಒಂದು ದಿನ ಉಳಿದಿದೆ. ಹೊಲಶೊವಿತ್ಸೆ ಹಳ್ಳಿಗೆ ಹೋಗಬಹುದಾ?

ಬೆಣ್ಣೆದೋಸೆ (ಮಂಗಳವಾರ, ರಾತ್ರಿ 9.10)

ಎಲ್ಲರಿಗೂ ನಮಸ್ಕಾರ. ನಾನು ಮ್ಯೂನಿಕ್‌ನಲ್ಲಿದ್ದೇನೆ. ದಾವಣಗೆರೆ ಕಡೆಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಜುಲೈ ಮೊದಲ ವಾರ ಅವರನ್ನು ಪ್ರಾಗ್‌ಗೆ, ಅಲ್ಲಿಂದ ಚೆಕ್ ದೇಶದ ದಕ್ಷಿಣದಲ್ಲಿರುವ ಅರಮನೆ ಊರು ಚೆಸ್ಕಿ ಕ್ರುಮ್ಲೋವ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಕ್ರುಮ್ಲೋವ್ ಮುಗಿಸಿದ ಮೇಲೆ ಒಂದು ದಿನ ಉಳಿಯುತ್ತದೆ. ಮ್ಯಾಪ್ ನೋಡುತ್ತಾ ಇದ್ದಾಗ ಉತ್ತರಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ ಹೊಲಶೊವಿತ್ಸೆ ಅಂತ ಒಂದು ಹಳ್ಳಿ ಸಿಕ್ಕಿತು. ಯುನೆಸ್ಕೊ ಪಟ್ಟಿಯಲ್ಲಿದೆಯಂತೆ. ಇಡೀ ಹಳ್ಳಿಯೇ!

ಸಮಸ್ಯೆ ಏನಂದರೆ ನಮ್ಮಪ್ಪ. ಐವತ್ತು ವರ್ಷ ಒಕ್ಕಲುತನ ಮಾಡಿದವರು. ಅರಮನೆ ಎರಡು ನೋಡಿದರೆ ಮೂರನೆಯದಕ್ಕೆ "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂತಿರ್ತೀನಿ" ಅನ್ನುತ್ತಾರೆ. ಹಳ್ಳಿಯಾದರೆ ಹಿಡಿಸಬಹುದೇನೋ. ಅಲ್ಲಿ ನೋಡೋದಕ್ಕೆ ನಿಜವಾಗಿ ಏನಿದೆ? ಯಾರಾದರೂ ಹೋಗಿದ್ದೀರಾ?

ಬ್ಯಾಗ್ ಹೆಗಲಿಗೆ (ಮಂಗಳವಾರ, ರಾತ್ರಿ 9.32)

ಹೋಗಿದ್ದೇನೆ. ಇಪ್ಪತ್ತು ನಿಮಿಷದ ಊರು. ಒಂದು ಹುಲ್ಲಿನ ಬಯಲು, ಒಂದು ಕೆರೆ, ಒಂದು ಚಿಕ್ಕ ಗುಡಿ, ಸುತ್ತ ಕೇಕಿನ ಹಾಗೆ ಕಾಣುವ ಮನೆಗಳು. ಫೋಟೊ ಚೆನ್ನಾಗಿ ಬರುತ್ತದೆ. ಅಷ್ಟೇ. ಮನೆಗಳ ಒಳಗೆ ಬಿಡೋದಿಲ್ಲ, ಜನ ವಾಸ ಇದ್ದಾರೆ. ಆ ಒಂದು ದಿನವನ್ನು ಹ್ಲುಬೊಕಾ ಅರಮನೆಗೆ ಕೊಡಿ. ನನ್ನ ಮಾತು ಕೇಳಿ.

ಸುಳ್ಯದಕ್ಕ (ಮಂಗಳವಾರ, ರಾತ್ರಿ 10.15)

ಇಪ್ಪತ್ತು ನಿಮಿಷ ಅಂತೆ! ಮಾರಾಯ್ರೆ, ನೀವು ಊರು ನೋಡಿದ್ದೋ, ಬಸ್ಸಿನ ಕಿಟಕಿಯಿಂದ ಇಣುಕಿದ್ದೋ?

ನಾನು ಗಡಿಯ ಈಚೆ, ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಇರುವವಳು. ಆ ಕಡೆಗೆ ಆಗಾಗ ಹೋಗುತ್ತಿರುತ್ತೇನೆ. ಹೊಲಶೊವಿತ್ಸೆಗೆ ನಾಲ್ಕು ಸಲ ಹೋಗಿ ಬಂದೆ. ಮೊದಲನೇ ಸಲ ನನಗೂ ಹಾಗೇ ಅನ್ನಿಸಿತ್ತು, ಚಂದ ಉಂಟು, ಆದರೆ ಮತ್ತೇನು ಅಂತ. ಎರಡನೇ ಸಲ ಓದಿಕೊಂಡು ಹೋದೆ. ಆಗ ಗೊತ್ತಾಯಿತು.

ಮೊದಲು ಜಾಗ ಹೇಳಿಬಿಡುತ್ತೇನೆ. ಬೊಹೇಮಿಯಾ ಅಂದರೆ ಚೆಕ್ ದೇಶದ ಪಶ್ಚಿಮ ಭಾಗ. ಅದರ ದಕ್ಷಿಣದ ದೊಡ್ಡ ಊರು ಚೆಸ್ಕೆ ಬುಡ್ಯೆಯೊವಿತ್ಸೆ. ಅದರ ಪಶ್ಚಿಮಕ್ಕೆ ಸುಮಾರು 15 ಕಿ.ಮೀ. ಹೋದರೆ ಈ ಹಳ್ಳಿ. ಆಡಳಿತಕ್ಕೆ ಪಕ್ಕದ ಯಾಂಕೋವ್ ಊರಿಗೆ ಸೇರಿದ್ದು, ಇದಕ್ಕೆ ಬೇರೆ ಪಂಚಾಯಿತಿ ಇಲ್ಲ. ಬುಡ್ಯೆಯೊವಿತ್ಸೆಯ ಸುತ್ತ ದೊಡ್ಡ ತಗ್ಗು ಪ್ರದೇಶ ಉಂಟು. ಗದ್ದೆ ಹಾಗೆ ಸಮ, ನೀರು ನಿಲ್ಲುವ ನೆಲ, ಅಲ್ಲಲ್ಲಿ ಮೀನಿನ ಕೆರೆ. ಆ ತಗ್ಗಿನ ಅಂಚಿನಲ್ಲಿ ಹೊಲಶೊವಿತ್ಸೆ ಕೂತಿದೆ. ದಕ್ಷಿಣಕ್ಕೆ ತಲೆ ಎತ್ತಿದರೆ ಬ್ಲಾನ್ಸ್ಕಿ ಲೆಸ್ ಕಾಡುಗುಡ್ಡಗಳು, ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು 1084 ಮೀಟರಿನ ಕ್ಲೆತ್ ಬೆಟ್ಟ. ನೀವು ಉಳಿದುಕೊಳ್ಳುವ ಕ್ರುಮ್ಲೋವ್ ಆ ಬೆಟ್ಟದ ಆಚೆ ಬದಿ. ಅಂದರೆ ಒಂದೇ ಬೆಟ್ಟ, ಆಚೆ ಅರಮನೆ, ಈಚೆ ರೈತರ ಮನೆ.

ಈ ಊರು 1998ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸುಮ್ನೆ ಚಂದದ ಹಳ್ಳಿ ಅಂತ ಅಲ್ಲ. ಮಧ್ಯಯುಗದಲ್ಲಿ ಊರಿಗೆ ಹಾಕಿದ ನಕ್ಷೆ ಇವತ್ತಿಗೂ ಹಾಗೇ ಇರುವುದಕ್ಕೆ, ಮತ್ತೆ ಅದರ ಮೇಲೆ ಎದ್ದ ಮನೆಗಳು ಒಟ್ಟಾಗಿ ಉಳಿದಿರುವುದಕ್ಕೆ. ಒಟ್ಟು 23 ಒಕ್ಕಲು ಮನೆ, ಅವುಗಳ ಕೊಟ್ಟಿಗೆ ಕಣಜ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 120 ಕಟ್ಟಡ. ಒಂದು ಮನೆ ಹೀಗೆ ಉಳಿದದ್ದು ಎಲ್ಲಿ ಬೇಕಾದರೂ ಸಿಗುತ್ತದೆ. ಇಡೀ ಊರು ಉಳಿದದ್ದು ಸಿಗುವುದು ಕಷ್ಟ.

ನಿಮ್ಮ ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗಿ.

ಪೆನ್ಸಿಲ್ ಚೂಪು (ಮಂಗಳವಾರ, ರಾತ್ರಿ 10.21)

ಹೆಸರಲ್ಲೇ "ಹೊಲ" ಇದೆಯಲ್ಲ. ರೈತರ ಊರು ಅಂತ ಮೊದಲೇ ಬೋರ್ಡ್ ಹಾಕಿಬಿಟ್ಟಿದ್ದಾರೆ 😄

ಪ್ರಾಗ್ ಚಳಿ (ಮಂಗಳವಾರ, ರಾತ್ರಿ 10.48)

ಹಹ್ಹಾ. ನಮ್ಮ ಹೊಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಚೆಕ್ ಊರುಗಳ ಹೆಸರಲ್ಲಿ ಕೊನೆಗೆ "ಒವಿತ್ಸೆ" ಬಂದರೆ "ಇಂಥವನ ಮಂದಿ" ಅಂತ ಅರ್ಥ. ಬುಡಿವೊಯ್‌ನ ಮಂದಿ ಇದ್ದ ಊರು ಬುಡ್ಯೆಯೊವಿತ್ಸೆ. ಇದೂ ಅದೇ ತರ, ಯಾರೋ ಹಿರಿಯನ ಹೆಸರು ಊರಿಗೆ ಅಂಟಿಕೊಂಡಿದೆ. ಜರ್ಮನ್ ಮಾತಾಡುವವರು ಇದನ್ನು ಹೊಲ್ಶೊವಿಟ್ಸ್ ಅನ್ನುತ್ತಿದ್ದರು. "ಅನ್ನುತ್ತಿದ್ದರು" ಅಂತ ಹಿಂದಿನ ಕಾಲದಲ್ಲಿ ಯಾಕೆ ಬರೆದೆ ಅನ್ನೋದು ದೊಡ್ಡ ಕಥೆ. ಅದನ್ನು ಅಕ್ಕ ಹೇಳಲಿ.

ನಾನು ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಕಾರ್ ಇದ್ದರೆ ಕ್ರುಮ್ಲೋವ್‌ನಿಂದ ಅರ್ಧ ಗಂಟೆ ದಾರಿ. ಕಾರ್ ಇಲ್ಲದಿದ್ದರೆ ಮೊದಲು ಬುಡ್ಯೆಯೊವಿತ್ಸೆಗೆ ಬನ್ನಿ, ಅಲ್ಲಿಂದ ಬಸ್. ಶನಿವಾರ, ಭಾನುವಾರ ಬಸ್ ತುಂಬಾ ಕಡಿಮೆ. ಹೋಗುವ ಬಸ್ ನೋಡಿಕೊಳ್ಳುವ ಮುಂಚೆ ವಾಪಸ್ ಬರುವ ಬಸ್ ನೋಡಿಕೊಳ್ಳಿ. ನಾನು ಒಂದು ಸಲ ಇದನ್ನು ಮರೆತು, ಸಂಜೆ ಗದ್ದೆ ಮಧ್ಯದ ಸ್ಟಾಪಲ್ಲಿ ಒಂದೂವರೆ ಗಂಟೆ ನಿಂತಿದ್ದೆ. ಮಾತಾಡಿಸೋಕೆ ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಇಡೋಸ್ ಅನ್ನುವ ಆ್ಯಪಲ್ಲಿ ಬಸ್ಸು, ರೈಲು ಎರಡರ ವೇಳೆಯೂ ಸಿಗುತ್ತದೆ.

ಇನ್ನೊಂದು ವಿಷಯ. ಪ್ರತಿ ವರ್ಷ ಜುಲೈ ಕೊನೆಯಲ್ಲಿ ಅಲ್ಲಿ "ಸೆಲ್ಸ್ಕೆ ಸ್ಲಾವ್ನೊಸ್ತಿ", ಅಂದರೆ ರೈತರ ಹಬ್ಬ ನಡೆಯುತ್ತದೆ. ಬುಟ್ಟಿ ಹೆಣೆಯುವವರು, ಕಮ್ಮಾರರು, ಕುಂಬಾರರು, ಬ್ಯಾಂಡು, ಬಿಯರ್. ಹಬ್ಬ ಬೇಕು ಅಂದರೆ ಅವತ್ತು ಹೋಗಿ. ಊರು ನೋಡಬೇಕು ಅಂದರೆ ಅವತ್ತು ಬೇಡ, ಬರೀ ತಲೆಗಳು ಕಾಣುತ್ತವೆ.

ಬೆಣ್ಣೆದೋಸೆ (ಬುಧವಾರ, ಬೆಳಿಗ್ಗೆ 7.05)

ಅಬ್ಬಾ, ಇಷ್ಟು ಉತ್ತರ! ನಾವು ಜುಲೈ ಮೊದಲ ವಾರ, ಹಬ್ಬ ಸಿಗೋದಿಲ್ಲ. ಕಾರ್ ತಗೊಳ್ಳುತ್ತೇನೆ.

ಅಕ್ಕಾ, "ಓದಿಕೊಂಡು ಹೋದೆ" ಅಂದಿರಲ್ಲ. ಏನು ನೋಡಬೇಕು ಅಂತ ಸ್ವಲ್ಪ ಬಿಡಿಸಿ ಹೇಳಿ. ಅಪ್ಪನಿಗೆ ವಿವರಿಸೋದು ನಾನೇ ಅಲ್ವಾ.

ಹಂಚಿನ ಮನೆ (ಬುಧವಾರ, ಬೆಳಿಗ್ಗೆ 11.40)

ಇದಕ್ಕೆ ನಾನು ಬಾಯಿ ಹಾಕಬಹುದು ಅನ್ನಿಸುತ್ತೆ. ಕಟ್ಟಡ ನನ್ನ ಹೊಟ್ಟೆಪಾಡು.

ಊರ ಮಧ್ಯೆ ಉದ್ದ ಚೌಕದ ಹುಲ್ಲುಬಯಲು. ಅಂದಾಜು 210 ಮೀಟರ್ ಉದ್ದ, 70 ಮೀಟರ್ ಅಗಲ. ಚೆಕ್‌ನಲ್ಲಿ ಇದಕ್ಕೆ "ನಾವೆಸ್" ಅಂತಾರೆ. ಇದು ಪಾರ್ಕ್ ಅಲ್ಲ. ದನ ಸೇರಿಸಲು, ಬಾತುಕೋಳಿ ಬಿಡಲು, ಸಭೆ ಸೇರಲು ಊರಿಗೆಲ್ಲ ಸೇರಿದ್ದ ಜಾಗ. ಅದರಲ್ಲಿ ಒಂದು ಕೆರೆ ಇದೆ. ಬೆಂಕಿ ಬಿದ್ದರೆ ನೀರು ಅಲ್ಲಿಂದಲೇ. ಹಳೇ ಕುಲುಮೆಯೂ ಇಲ್ಲೇ ಬಯಲಲ್ಲೇ ಇದೆ. ಬೆಂಕಿ ಕೆಲಸ ಮನೆಗಳಿಂದ ದೂರ ಇರಲಿ ಅಂತ ಇರಬೇಕು. ಜೊತೆಗೆ 1755ರ ಚಿಕ್ಕ ಪ್ರಾರ್ಥನಾ ಮಂದಿರ, ನೆಪೊಮುಕ್‌ನ ಸಂತ ಯೋಹಾನನದು.

ಈಗ ಮನೆಗಳು. ಬಯಲಿನ ಸುತ್ತ ನಿಂತ ಮನೆಗಳೆಲ್ಲ ಬಯಲಿನ ಕಡೆಗೆ ತಮ್ಮ ಕಿರಿದಾದ ಬದಿ ತೋರಿಸುತ್ತವೆ. ಮಾಡಿನ ಕೆಳಗೆ ತ್ರಿಕೋನವಾಗಿ ಏಳುತ್ತದಲ್ಲ ಆ ಗೋಡೆ, ಅದನ್ನು ಮುಖಗೋಡೆ ಅಂತ ಕರೆಯೋಣ. ಮನೆಯ ಉದ್ದ ಪೂರ್ತಿ ಹಿಂದಕ್ಕೆ ಹೋಗುತ್ತದೆ. ಯಾಕೆ ಅಂದರೆ ಊರು ಹಾಕಿದಾಗ ಪ್ರತಿ ಒಕ್ಕಲಿಗೂ ಬಯಲಿನ ಅಂಚಲ್ಲಿ ಸಿಕ್ಕಿದ್ದು ಕಿರಿದಾದ ಜಾಗ, ಹಿಂದೆ ಮಾತ್ರ ಉದ್ದಕ್ಕೆ ಹಿತ್ತಲು, ಅದರಾಚೆ ಹೊಲದ ಪಟ್ಟಿ. ಮುಂಬಾಗಿಲಿಂದ ಹೊರಟು ನೇರ ನಡೆದರೆ ಅಂಗಳ, ಹುಲ್ಲಿನ ಕೊಟ್ಟಿಗೆ, ಹಿತ್ತಲು, ಹೊಲ. ಎಲ್ಲ ಒಂದೇ ಗೆರೆಯಲ್ಲಿ.

ಈಗ ಬ್ಯಾಗ್ ಸರ್ ಗಮನಿಸದೇ ಬಂದ ವಿಷಯ. ಒಂದೊಂದು ಒಕ್ಕಲಿಗೂ ಸಾಮಾನ್ಯವಾಗಿ ಒಂದಲ್ಲ, ಎರಡು ಮುಖಗೋಡೆ ಇರುತ್ತವೆ. ಒಂದು ವಾಸದ ಮನೆಯದು. ಇನ್ನೊಂದು ಕಣಜದ್ದು, ಅವರ ಮಾತಲ್ಲಿ "ಶ್ಪೀಖರ್". ಎರಡರ ನಡುವೆ ಕಮಾನಿನ ಗೋಡೆ. ಅದರಲ್ಲಿ ಗಾಡಿ ಹೋಗಲು ದೊಡ್ಡ ಬಾಗಿಲು, ಪಕ್ಕದಲ್ಲಿ ಮನುಷ್ಯರಿಗೆ ಚಿಕ್ಕ ಬಾಗಿಲು. ನೋಡೋರಿಗೆ ಎರಡು ಮನೆ ಅನ್ನಿಸುತ್ತದೆ, ಆದರೆ ಒಂದೇ ಸಂಸಾರ. ಒಂದು ಕಡೆ ಮನುಷ್ಯರು, ಒಂದು ಕಡೆ ಕಾಳು. ನನಗೆ ಬಹಳ ಹಿಡಿಸಿದ್ದು ಇದೇ. ಮನೆಗೆ ಮಾಡಿದಷ್ಟೇ ಸಿಂಗಾರವನ್ನು ಕಣಜಕ್ಕೂ ಮಾಡಿದ್ದಾರೆ!

ಸಿಂಗಾರ ಅಂದರೆ ಗಾರೆ ಕೆಲಸ. ಸುರುಳಿ, ಕಮಾನು, ಹೂವು, ಮೇಲೆ ಕಟ್ಟಿಸಿದ ವರ್ಷ. ಬಿಳಿ, ಹಳದಿ, ತಿಳಿ ನೀಲಿ ಬಣ್ಣ. ಈ ಶೈಲಿಗೆ "ಸೆಲ್ಸ್ಕೆ ಬರೊಕೊ" ಅಂತ ಹೆಸರು, ರೈತರ ಬರೋಕ್. ಬರೋಕ್ ಅಂದರೆ ಯುರೋಪಿನ ಅರಮನೆ, ಚರ್ಚುಗಳ ತುಂಬು ಸಿಂಗಾರದ ಶೈಲಿ. ಊರಿನ ಮೇಸ್ತ್ರಿಗಳು ಚರ್ಚು, ಮಠ, ಪೇಟೆಯ ಮನೆ ಇವುಗಳ ಮುಖಗೋಡೆ ನೋಡಿ ನೋಡಿ, ತಮಗೆ ಬಂದ ಹಾಗೆ ರೈತರ ಮನೆಗೆ ತಂದಿದ್ದು. ತಮಾಷೆ ಗೊತ್ತಾ? ಅಸಲಿ ಬರೋಕ್ ಮುಗಿದಿದ್ದು 18ನೇ ಶತಮಾನದಲ್ಲಿ. ಇಲ್ಲಿ ಇದು ಬಂದಿದ್ದು ಹೆಚ್ಚುಕಡಿಮೆ 1840ರಿಂದ 1880ರ ನಡುವೆ. ಪೇಟೆಯಲ್ಲಿ ಫ್ಯಾಷನ್ ಹೋಗಿ ಮೂರು ತಲೆಮಾರು ಆದಮೇಲೆ ಹಳ್ಳಿಯಲ್ಲಿ ಅದರ ಹಬ್ಬ.

ಬ್ಯಾಗ್ ಹೆಗಲಿಗೆ (ಬುಧವಾರ, ಮಧ್ಯಾಹ್ನ 12.20)

ಎರಡು ಗೋಡೆ ಒಂದು ಮನೆ ಅನ್ನೋದು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ನೋಡಿ, ನಾನು ಹೇಳುತ್ತಿದ್ದುದೂ ಅದೇ. "700 ವರ್ಷದಿಂದ ಹಾಗೇ ಇರುವ ಊರು" ಅಂತ ಟೂರಿನವರು ಬೊಗಳೆ ಬಿಡುತ್ತಾರೆ. ಮನೆಗಳು 19ನೇ ಶತಮಾನದವು ಅಂತ ನೀವೇ ಹೇಳುತ್ತಿದ್ದೀರಿ. ಮತ್ತೆ ಯಾಕೆ ಅಷ್ಟು ಸಡಗರ? ಮತ್ತೆ ರೈತರ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬಂತು?

ಹಂಚಿನ ಮನೆ (ಬುಧವಾರ, ಮಧ್ಯಾಹ್ನ 12.55)

ಒಳ್ಳೇ ಪ್ರಶ್ನೆ. 1292ರಿಂದ 1848ರವರೆಗೆ ಈ ಊರು ಒಂದು ಮಠದ್ದು. ಬೊಹೇಮಿಯಾದ ರಾಜ ಎರಡನೇ ವಾತ್ಸ್ಲಾವ್ ಇದನ್ನು ಇನ್ನೂ ಕೆಲವು ಊರುಗಳ ಜೊತೆ ವಿಶ್ಶಿ ಬ್ರೊಡ್‌ನ ಸಿಸ್ಟರ್ಸಿಯನ್ ಅನ್ನುವ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಬರೆದುಕೊಟ್ಟ. ಅಂದರೆ ಐನೂರೈವತ್ತು ವರ್ಷ ಒಬ್ಬನೇ ಧಣಿ. ಮಠದ ಊರುಗಳ ರೈತರು ಗೇಣಿ ಕೊಡಬೇಕು, ಜೊತೆಗೆ ಧಣಿಯ ನೆಲದಲ್ಲಿ ಬಿಟ್ಟಿ ದುಡಿಯಬೇಕು. ಆ ಬಿಟ್ಟಿ ದುಡಿಮೆಗೆ ಚೆಕ್‌ನಲ್ಲಿ "ರೊಬೊಟಾ" ಅಂತಾರೆ. ಹೌದು, ನಮ್ಮ ರೋಬೊಟ್ ಪದ ಹುಟ್ಟಿದ್ದು ಅಲ್ಲಿಂದಲೇ, 1920ರ ಒಂದು ಚೆಕ್ ನಾಟಕದ ಮೂಲಕ.

1848ರಲ್ಲಿ ರೊಬೊಟಾ ರದ್ದಾಯಿತು. ಉಳುವವನೇ ನೆಲದ ಒಡೆಯನಾದ. ಬೆಳೆದ ಕಾಳು ತನ್ನದು, ಮಾರಿದ ದುಡ್ಡು ತನ್ನದು. ಹತ್ತಿರದಲ್ಲೇ ಬುಡ್ಯೆಯೊವಿತ್ಸೆ ಪೇಟೆ. ಬೆಂಕಿಗೆ ಹೆದರಿ ಮರದ ಮನೆ ಬಿಟ್ಟು ಕಲ್ಲು, ಇಟ್ಟಿಗೆಯಲ್ಲಿ ಕಟ್ಟಿ ಅಂತ ಸರ್ಕಾರದ ಒತ್ತಾಯ ಮೊದಲೇ ಇತ್ತು. ಕೈಯಲ್ಲಿ ಕಾಸು ಬಂದಮೇಲೆ ರೈತ ಏನು ಮಾಡುತ್ತಾನೆ? ಧಣಿಯ ಕಟ್ಟಡಕ್ಕೆ ಇದ್ದಂಥದ್ದೇ ಮುಖ ತನ್ನ ಮನೆಗೂ ಮಾಡಿಸಿದ. ಕಣಜಕ್ಕೂ ಮಾಡಿಸಿದ. ಆ ಗೋಡೆ ಮೇಲಿನ ವರ್ಷಗಳನ್ನು ಹಾಗೆ ಓದಿ.

ಪೆನ್ಸಿಲ್ ಚೂಪು (ಬುಧವಾರ, ಮಧ್ಯಾಹ್ನ 1.10)

ಪಕ್ಕದ ಮನೆಯವನು ಮಾಡಿಸಿದ ಅಂತ ಇವನೂ ಮಾಡಿಸಿರುತ್ತಾನೆ. ಅದನ್ನು ಯುನೆಸ್ಕೊ ಬರೆಯೋದಿಲ್ಲ ನೋಡಿ.

ಸುಳ್ಯದಕ್ಕ (ಬುಧವಾರ, ರಾತ್ರಿ 8.30)

ಬ್ಯಾಗ್ ಅವರೇ, "ಹಾಗೇ ಇರುವ ಊರು" ಎನ್ನುವುದು ಬೊಗಳೆ ಅಂದಿರಲ್ಲ, ಅದು ನಿಜ. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಈ ಊರು ಎರಡು ಸಲ ಖಾಲಿಯಾಗಿದೆ.

ಮೊದಲನೆಯದು 1520ರಿಂದ 1525ರ ನಡುವೆ, ಪ್ಲೇಗ್. ಊರಿನಲ್ಲಿ ಉಳಿದದ್ದು ಇಬ್ಬರೇ. ಇಬ್ಬರು! ಊರ ಹೊರಗೆ ಪ್ಲೇಗಿನ ನೆನಪಿಗೆ ಒಂದು ಕಂಬ ಉಂಟು, ಬಯಲಿನಲ್ಲಿ ಫೋಟೊ ಹೊಡೆದು ಹೋಗುವವರು ಅಲ್ಲಿವರೆಗೆ ಹೋಗುವುದಿಲ್ಲ. ಧಣಿಗೆ ನೆಲ ಪಾಳು ಬಿದ್ದರೆ ನಷ್ಟ ಅಲ್ವಾ? ಮಠದವರು ಬವೇರಿಯಾದಿಂದ, ಆಸ್ಟ್ರಿಯಾ ಕಡೆಯಿಂದ ಒಕ್ಕಲು ತಂದು ಕೂರಿಸಿದರು. ಅವರ ಮಾತು ಜರ್ಮನ್. ಚೆಕ್ ಹೆಸರಿನ ಊರು, ಜರ್ಮನ್ ಮಾತಿನ ಜನ. ಆದರೆ ಅವರು ಹೊಸದಾಗಿ ಊರು ಹಾಕಲಿಲ್ಲ. ಸತ್ತವರ ಜಾಗದಲ್ಲಿ, ಅದೇ ಗೆರೆಗಳ ಮೇಲೆ ಮನೆ ಮಾಡಿಕೊಂಡರು. ಅದಕ್ಕೇ ನಕ್ಷೆ ಉಳಿಯಿತು.

ಹೀಗೆ ಬಂದವರ ಊರು ನಾನ್ನೂರು ವರ್ಷ ನಡೆಯಿತು. 1895ರ ಲೆಕ್ಕದಲ್ಲಿ 157 ಜರ್ಮನರು, 19 ಚೆಕ್ಕರು. ಹಂಚಿನ ಮನೆಯವರು ಹೇಳಿದ ಆ ಚಂದದ ಗೋಡೆಗಳನ್ನೆಲ್ಲ ಮಾಡಿಸಿದವರು ಹೆಚ್ಚಾಗಿ ಇವರೇ.

ಎರಡನೇ ಸಲ ಖಾಲಿಯಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಚೆಕೊಸ್ಲೊವಾಕಿಯಾದಿಂದ ಸುಮಾರು ಮೂವತ್ತು ಲಕ್ಷ ಜರ್ಮನ್ ಭಾಷಿಕರನ್ನು ಹೊರಗೆ ಹಾಕಿದರು. ಹೊಲಶೊವಿತ್ಸೆಯವರೂ ಹೋದರು. ಮನೆಗೆ ಬೀಗ, ಕೊಟ್ಟಿಗೆ ಖಾಲಿ. ಆಮೇಲೆ ಕಮ್ಯುನಿಸ್ಟ್ ಕಾಲ. ಬಹಳ ಮನೆಗಳು ಪಾಳು ಬಿದ್ದವು. ಯಾರೂ ರಿಪೇರಿ ಮಾಡಲಿಲ್ಲ, ಆದರೆ ಯಾರೂ ಕೆಡವಿ ಕಾಂಕ್ರೀಟ್ ಮನೆ ಕಟ್ಟಲೂ ಇಲ್ಲ. 1990ರ ನಂತರ ಮತ್ತೆ ಜನ ಬಂದು, ಒಂದೊಂದೇ ಮನೆ ಸರಿಮಾಡಿದರು. ಎಂಟು ವರ್ಷಕ್ಕೆ ಯುನೆಸ್ಕೊ.

ನಾನು ಹೇಳುವುದು ಇಷ್ಟೇ. ಈ ಊರು ಹೀಗೆ ಉಳಿದದ್ದು ಯಾರೋ ಜೋಪಾನ ಮಾಡಿದ್ದಕ್ಕಿಂತ ಜಾಸ್ತಿ, ಕೇಳುವವರು ಇಲ್ಲದೆ ಬಿದ್ದಿದ್ದಕ್ಕೆ. ಅಲ್ಲಿ ನಿಂತಾಗ ಕೇಕಿನ ಹಾಗೆ ಕಾಣುವ ಗೋಡೆ ಹಿಂದೆ ಇದು ಉಂಟು ಅಂತ ಗೊತ್ತಿದ್ದರೆ, ಇಪ್ಪತ್ತು ನಿಮಿಷಕ್ಕೆ ಹೊರಡಲು ಕಾಲು ಬರುವುದಿಲ್ಲ.

ಕಾಲುದಾರಿ (ಬುಧವಾರ, ರಾತ್ರಿ 9.02)

ಅಕ್ಕಾ, ಚೆನ್ನಾಗಿ ಬರೆದಿದ್ದೀರಿ. ಆದರೆ "ಹೊರಗೆ ಹಾಕಿದರು" ಅಂತ ಒಂದೇ ಸಾಲಲ್ಲಿ ಹೇಳಿದರೆ ಓದುವವರಿಗೆ ಚೆಕ್ಕರು ಸುಮ್ನೆ ಬಡ ರೈತರನ್ನು ಓಡಿಸಿದ ಹಾಗೆ ಕೇಳುತ್ತದೆ. 1938ರಲ್ಲಿ ಮ್ಯೂನಿಕ್ ಒಪ್ಪಂದ ಆಗಿ ಗಡಿಭಾಗವನ್ನೆಲ್ಲ ಹಿಟ್ಲರ್ ತಿಂದಿದ್ದು, ಆಮೇಲೆ ಉಳಿದ ಚೆಕ್ ನಾಡನ್ನೂ ನುಂಗಿದ್ದು ಮೊದಲು. ಅದನ್ನು ಬಿಟ್ಟು ಹೇಳಬಾರದು.

ಪ್ರಾಗ್ ಚಳಿ (ಬುಧವಾರ, ರಾತ್ರಿ 9.25)

ಹೌದು. ಪ್ರಾಗ್‌ನಿಂದ ಅರ್ಧ ಗಂಟೆ ದೂರದಲ್ಲಿ ಲಿಡಿತ್ಸೆ ಅಂತ ಇನ್ನೊಂದು ಹಳ್ಳಿ ಇದೆ, ಇತ್ತು ಅನ್ನಬೇಕು. 1942ರ ಜೂನ್ 10ರಂದು ನಾಜಿಗಳು ಅಲ್ಲಿಯ 173 ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡು ಹೊಡೆದರು. ಹೆಂಗಸರನ್ನು ಶಿಬಿರಕ್ಕೆ ಸಾಗಿಸಿದರು. 82 ಮಕ್ಕಳನ್ನು ವಿಷದ ಗಾಳಿಯಲ್ಲಿ ಕೊಂದರು. ಊರನ್ನು ಸುಟ್ಟು ನೆಲಸಮ ಮಾಡಿದರು. ಆ ಜಾಗದಲ್ಲಿ ಈಗ ಇಳಿಜಾರಿನ ಹುಲ್ಲುಗಾವಲು, ಸ್ಮಾರಕ. ನನ್ನ ಚೆಕ್ ಸಹೋದ್ಯೋಗಿಯೊಬ್ಬರ ಜೊತೆ ಒಮ್ಮೆ ಹೋಗಿದ್ದೆ. ಕಾರ್ ಹತ್ತುವವರೆಗೂ ಇಬ್ಬರೂ ಮಾತಾಡಲಿಲ್ಲ.

ಆದರೂ ಅಕ್ಕ ಹೇಳಿದ್ದು ತಪ್ಪಲ್ಲ. ಹೋದವರಲ್ಲಿ ಮುದುಕರಿದ್ದರು, ಕೂಸುಗಳಿದ್ದವು. ಇಲ್ಲಿಯ ಜನ ಇವತ್ತಿಗೂ ಇದಕ್ಕೆ ಜಗಳ ಆಡುತ್ತಾರೆ, ಅಪ್ಪ ಮಗ ಒಂದೇ ಮೇಜಲ್ಲಿ ಕೂತು ಆಡುತ್ತಾರೆ.

ಸುಳ್ಯದಕ್ಕ (ಬುಧವಾರ, ರಾತ್ರಿ 9.41)

ಕಾಲುದಾರಿಯವರೇ, ಸರಿ. ಅವಸರದಲ್ಲಿ ಒಂದೇ ಸಾಲು ಬರೆದೆ, ತಪ್ಪು ನನ್ನದು. ಲಿಂಟ್ಸ್‌ನಲ್ಲಿ ಇದ್ದು ಇದ್ದು ಹೋದವರ ಕಥೆಯೇ ಜಾಸ್ತಿ ಕಿವಿಗೆ ಬೀಳುತ್ತದೆ.

ವೇದಿಕೆ ನಿರ್ವಾಹಕರು (ಬುಧವಾರ, ರಾತ್ರಿ 10.00)

ಯುದ್ಧದ ಚರ್ಚೆ ಮುಂದುವರಿಸುವುದಾದರೆ ದಯವಿಟ್ಟು ಬೇರೆ ಎಳೆ ಶುರುಮಾಡಿ. ಇಲ್ಲಿ ಒಬ್ಬರು ಅಪ್ಪ ಅಮ್ಮನನ್ನು ಊರು ತೋರಿಸಲು ಕರೆದುಕೊಂಡು ಹೋಗುತ್ತಿದ್ದಾರೆ 🙂

ಬೆಣ್ಣೆದೋಸೆ (ಗುರುವಾರ, ಬೆಳಿಗ್ಗೆ 8.15)

ಇಲ್ಲ ಇಲ್ಲ, ಇದೆಲ್ಲ ಗೊತ್ತಿರೋದು ಒಳ್ಳೇದೇ. ಹೋಗೋದು ಪಕ್ಕಾ. ಎರಡು ಪ್ರಶ್ನೆ ಉಳಿದಿವೆ. ಅಮ್ಮ ಮೊಟ್ಟೆಯನ್ನೂ ತಿನ್ನೋದಿಲ್ಲ. ಊಟ? ಮತ್ತೆ ಮ್ಯಾಪಲ್ಲಿ ಊರ ಪಕ್ಕ "ಸ್ಟೋನ್‌ಹೆಂಜ್" ಅಂತ ತೋರಿಸುತ್ತಿದೆ. ನಿಜವಾಗಿ ಹಳೇ ಕಾಲದ್ದಾ?

ಪ್ರಾಗ್ ಚಳಿ (ಗುರುವಾರ, ಬೆಳಿಗ್ಗೆ 9.30)

ಸ್ಟೋನ್‌ಹೆಂಜ್ ಹಳೇದೂ ಅಲ್ಲ, ಏನೂ ಅಲ್ಲ. 2000ದ ಇಸವಿ ಆದಮೇಲೆ ಖಾಸಗಿಯವರು ತಮ್ಮ ಜಾಗದಲ್ಲಿ ಸುತ್ತಲೂ ನಿಲ್ಲಿಸಿದ ಕಲ್ಲುಗಳು. ಶಕ್ತಿ ಬರುತ್ತದೆ ಅಂತ ಕಲ್ಲನ್ನು ತಬ್ಬಿಕೊಂಡು ನಿಲ್ಲುವವರಿದ್ದಾರೆ. ಟೈಮ್ ಇದ್ದರೆ ನೋಡಿ. ಯುನೆಸ್ಕೊಗೂ ಅದಕ್ಕೂ ಸಂಬಂಧ ಇಲ್ಲ.

ಊಟ ಕಷ್ಟ. ಊರಲ್ಲಿ ಒಂದೆರಡು "ಹೊಸ್ಪೊಡಾ", ಅಂದರೆ ಬಿಯರ್ ಮತ್ತು ಊಟದ ಹೋಟೆಲ್, ಇವೆ. ದಕ್ಷಿಣ ಬೊಹೇಮಿಯಾದ ಹೆಸರುವಾಸಿ ಸೂಪು "ಕುಲಾಯ್ಡಾ". ಅಣಬೆ, ಆಲೂಗಡ್ಡೆ, ಕೆನೆ, ಸಬ್ಬಸಿಗೆ ಸೊಪ್ಪು ಎಲ್ಲ ಸರಿ, ಆದರೆ ಮೇಲೆ ಮೊಟ್ಟೆ ಒಡೆದು ಹಾಕುತ್ತಾರೆ. "ಸ್ಮಾಜೆನಿ ಸೀರ್" ಅನ್ನುವ ಕರಿದ ಚೀಸಿಗೂ ಮೊಟ್ಟೆ ಬಳಿದಿರುತ್ತಾರೆ. "ಬೆಸ್ ಮಸಾ" ಅಂದರೆ ಮಾಂಸ ಬೇಡ. ಆದರೆ ಕೆಲವು ಕಡೆ ಹ್ಯಾಮ್ ಚೂರನ್ನು ಮಾಂಸ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ, ಅದನ್ನೂ ಬಿಡಿಸಿ ಕೇಳಿ. ಅಮ್ಮನಿಗೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಆ ಬಯಲಿನ ಬೆಂಚಲ್ಲಿ ಕೂತು ತಿಂದರೆ ಅದಕ್ಕಿಂತ ಚಂದ ಬೇರೆ ಇಲ್ಲ. ಕೊರುನಾ (ಚೆಕ್ ದುಡ್ಡು) ಚಿಲ್ಲರೆ ಇಟ್ಟುಕೊಳ್ಳಿ, ಯೂರೊ ಎಲ್ಲ ಕಡೆ ನಡೆಯೋದಿಲ್ಲ.

ಪೆನ್ಸಿಲ್ ಚೂಪು (ಗುರುವಾರ, ಬೆಳಿಗ್ಗೆ 9.52)

ವಾಪಸ್ ಬರುವಾಗ ಬುಡ್ಯೆಯೊವಿತ್ಸೆಯಲ್ಲಿ ಒಂದು ಗಂಟೆ ನಿಲ್ಲಿಸಿ. ಬಿಯರಿಗೆ ಅಲ್ಲ (ಅದಕ್ಕೂ ಹೌದು). ಕೋಹಿನೂರ್ ಪೆನ್ಸಿಲ್ ಅಲ್ಲಿಂದ ಬರೋದು. ಹಾರ್ಟ್‌ಮುತ್ ಕಂಪನಿ ವಿಯೆನ್ನಾದಿಂದ 1848ರಲ್ಲಿ ಈ ಊರಿಗೆ ಬಂತು, ಮೇಲೆ ಹೇಳಿದ ಅದೇ ವರ್ಷ. ಆಮೇಲೆ ತಮ್ಮ ಒಳ್ಳೇ ಪೆನ್ಸಿಲ್‌ಗೆ ನಮ್ಮ ಗೋಲ್ಕೊಂಡ ಕಡೆಯ ವಜ್ರದ ಹೆಸರಿಟ್ಟರು. ಹಳದಿ ಬಣ್ಣ ಹೊಡೆದರು. ನನ್ನ ಹೆಸರು ನೋಡಿ, ಇದನ್ನು ಹೇಳದೆ ಇರೋಕೆ ಆಗಲಿಲ್ಲ.

ಸುಳ್ಯದಕ್ಕ (ಗುರುವಾರ, ಬೆಳಿಗ್ಗೆ 10.30)

ಅಲ್ಲಿಂದ ನಮ್ಮ ಲಿಂಟ್ಸ್‌ಗೆ 1832ರಲ್ಲೇ ಕುದುರೆ ಎಳೆಯುವ ರೈಲು ಓಡುತ್ತಿತ್ತು, ಉಪ್ಪು ತರಲು. ಅದನ್ನೂ ಸೇರಿಸಿಕೊಳ್ಳಿ. ಮತ್ತೆ ಆಕಾಶ ತಿಳಿಯಾಗಿದ್ದರೆ ಕ್ಲೆತ್ ಬೆಟ್ಟ ಹತ್ತಿ. ಲಿಫ್ಟ್ ಕುರ್ಚಿ ಉಂಟು, ಅಮ್ಮನಿಗೆ ನಡೆಯುವ ಕಷ್ಟ ಇಲ್ಲ. ಮೇಲೆ 1825ರ ಕಲ್ಲಿನ ಗೋಪುರ. ಅದೃಷ್ಟ ಇದ್ದರೆ ಆಲ್ಪ್ಸ್ ಕಾಣುತ್ತದೆ.

ಬೆಣ್ಣೆದೋಸೆ (ಹತ್ತು ದಿನದ ಮೇಲೆ, ಭಾನುವಾರ, ರಾತ್ರಿ 8.40)

ಹೋಗಿ ಬಂದೆವು. ವರದಿ ಒಪ್ಪಿಸುತ್ತೇನೆ.

ಇಪ್ಪತ್ತು ನಿಮಿಷ ಅಲ್ಲ, ನಾಲ್ಕು ಗಂಟೆ ಇದ್ದೆವು. ಅದರಲ್ಲಿ ಮೂರು ಗಂಟೆ ಅಪ್ಪನದು.

ಬೆಳಿಗ್ಗೆ ಒಂಬತ್ತಕ್ಕೆ ತಲುಪಿದಾಗ ಬಯಲಲ್ಲಿ ಯಾರೂ ಇರಲಿಲ್ಲ. ಅಪ್ಪ ಕಾರಿಂದ ಇಳಿದವರೇ ಮೊದಲು ನೆಲ ನೋಡಿದರು. ಆಮೇಲೆ ಸುತ್ತ ಒಂದು ಕಣ್ಣು ಹಾಯಿಸಿ, "ತಿಪ್ಪೆ ಎಲ್ಲೈತಿ?" ಅಂದರು. ನನಗೆ ನಗು. ಅವರು ನಗಲಿಲ್ಲ. ಇಷ್ಟು ಕೊಟ್ಟಿಗೆ ಇದ್ದ ಮೇಲೆ ಗೊಬ್ಬರ ಎಲ್ಲೋ ಬೀಳಬೇಕಲ್ಲ ಅಂತ ಅವರ ಲೆಕ್ಕ. ಒಂದು ಮನೆಯ ದೊಡ್ಡ ಬಾಗಿಲು ತೆರೆದಿತ್ತು. ಬಾಗಿಲಾಚೆ ನಿಂತೇ ಇಣುಕಿದೆವು. ಅಂಗಳ, ಎಡಕ್ಕೆ ಮನೆ, ಬಲಕ್ಕೆ ಕಣಜ, ಎದುರಿಗೆ ಹುಲ್ಲಿನ ಕೊಟ್ಟಿಗೆ. ಹಂಚಿನ ಮನೆ ಸರ್ ಹೇಳಿದ್ದೇ ಹೇಳಿದ್ದು. ಅಪ್ಪ ಅಂಗಳದ ನಡುವಿನ ಹೂವಿನ ಪಾತಿ ತೋರಿಸಿ "ಇಲ್ಲೇ ಇತ್ತು ನೋಡು ತಿಪ್ಪೆ, ಈಗ ಹೂ ಹಾಕ್ಯಾರ" ಅಂದರು. ಸರಿ ಇರಬಹುದಾ?

ಎರಡು ಮುಖಗೋಡೆಯ ವಿಷಯ ಹೇಳಿದೆ. ಅದಾದಮೇಲೆ ಒಂದೊಂದು ಮನೆ ಮುಂದೆ ನಿಂತು ಯಾವುದು ಕಣಜ ಅಂತ ಅವರೇ ಹೇಳುತ್ತಾ ಹೋದರು. ಕಿಟಕಿ ಚಿಕ್ಕದಿದ್ದರೆ ಕಣಜ, ಕಾಳಿಗೆ ಗಾಳಿ ಬೇಕು, ಬೆಳಕು ಬೇಡ ಅಂತೆ. ಅಮ್ಮ ಕಿಟಕಿಯ ಹೂಕುಂಡ ಎಣಿಸುತ್ತಿದ್ದರು.

ಪ್ಲೇಗ್ ಕಥೆ, ಇಬ್ಬರೇ ಉಳಿದಿದ್ದು ಅಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಆ ಇಬ್ಬರ ಹೊಲ ಅವರಿಗೇ ಬಿಟ್ಟರೋ, ಹೊಸಬರಿಗೆ ಹಂಚಿದರೋ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೆರೆ ಹತ್ತಿರ ಒಬ್ಬ ಅಜ್ಜಿ ಸಿಕ್ಕರು. ಫೋನಿನ ಅನುವಾದ ಇಟ್ಟುಕೊಂಡು, ಒಂದು ಮನೆಗೆ ಎಷ್ಟು ಎಕರೆ ಅಂತ ಅಪ್ಪ ಕೇಳಿಸಿದರು. ಅಜ್ಜಿ ನಕ್ಕು, ನನ್ನ ಮಗ ಬುಡ್ಯೆಯೊವಿತ್ಸೆಯಲ್ಲಿ ಆಫೀಸ್ ಕೆಲಸ ಮಾಡುತ್ತಾನೆ, ಹೊಲ ಯಾರಿಗೆ ಬೇಕು ಅಂದರು. ಅಪ್ಪ "ನಂದೂ ಅದೇ ಕಥಿ" ಅಂತ ನನ್ನ ಕಡೆ ಕೈ ತೋರಿಸಿದರು. ಇದನ್ನು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ.

ಚಪಾತಿ ಬೆಂಚಲ್ಲೇ ತಿಂದೆವು. ಸ್ಟೋನ್‌ಹೆಂಜ್‌ಗೆ ಹೋಗಲಿಲ್ಲ. ಪ್ಲೇಗ್ ಕಂಬಕ್ಕೂ ಹೋಗೋಕಾಗಲಿಲ್ಲ ಅಕ್ಕಾ, ಮಳೆ ಬಂತು. ಬ್ಯಾಗ್ ಸರ್, ಹ್ಲುಬೊಕಾ ಅರಮನೆಗೂ ಹೋಗಿದ್ದೆವು. ಅಪ್ಪ ಕಾರಲ್ಲೇ ಕೂತಿದ್ದರು.

ಬ್ಯಾಗ್ ಹೆಗಲಿಗೆ (ಭಾನುವಾರ, ರಾತ್ರಿ 9.05)

ಸೋತೆ 🙏 ಮುಂದಿನ ಸಲ ನಾನೂ ನಿಮ್ಮ ತಂದೆಯವರ ಜೊತೆಗೇ ಹೋಗುತ್ತೇನೆ.

ಹಂಚಿನ ಮನೆ (ಭಾನುವಾರ, ರಾತ್ರಿ 9.30)

ತಿಪ್ಪೆ ವಿಷಯದಲ್ಲಿ ನಿಮ್ಮ ಅಪ್ಪ ಸರಿ. ಆ ಕಡೆಯ ಒಕ್ಕಲು ಮನೆಗಳಲ್ಲಿ ಕೊಟ್ಟಿಗೆಗೆ ಹತ್ತಿರ, ಅಂಗಳದಲ್ಲೇ ತಿಪ್ಪೆ ಇರುತ್ತಿತ್ತು. ದೊಡ್ಡ ತಿಪ್ಪೆ ಇದ್ದರೆ ದೊಡ್ಡ ಒಕ್ಕಲು. ಕಿಟಕಿ ಗಾತ್ರದ ಮಾತೂ ಸರಿ. ನಾನು ಅಷ್ಟು ಉದ್ದ ಬರೆದು ಅದನ್ನೇ ಬಿಟ್ಟಿದ್ದೆ ನೋಡಿ.

ಪೆನ್ಸಿಲ್ ಚೂಪು (ಭಾನುವಾರ, ರಾತ್ರಿ 9.33)

ಎಲ್ಲ ಸರಿ. ಪೆನ್ಸಿಲ್ ತಂದ್ರಾ?

ಬೆಣ್ಣೆದೋಸೆ (ಭಾನುವಾರ, ರಾತ್ರಿ 9.50)

ಒಂದು ಡಜನ್. ಅಪ್ಪ ಮೂರು ಎತ್ತಿಟ್ಟುಕೊಂಡಿದ್ದಾರೆ, ಊರಲ್ಲಿ ಅಡಿಕೆ ಲೆಕ್ಕ ಬರೆಯೋಕಂತೆ.